ಹೆಜ್ಜೆ ಎಣಿಸಿದ ಚಾಪೆ

ಹೊಟ್ಟೆಪಾಡಿಗೆಂದು ಗೋದಾವರಿಯ ಸೀಮೆಗೆ ಬಂದು ನೆಲೆಸಿದ ನಾವು ಇಲ್ಲಿಯ ಸುಖದುಃಖಗಳಿಗೆ ಹೊರತಾದವರಲ್ಲ. 2003ರ ಸಿಂಹಸ್ಥದಲ್ಲಿ ನಾಸಿಕದ ರಾಮಕುಂಡಕ್ಕೆ ಹೋಗುವ ಇಕ್ಕಟ್ಟಿನ ಓಣಿಯಲ್ಲಿ ನೂಕುನುಗ್ಗಲಾಗಿ 39 ಮಂದಿ ಪ್ರಾಣಬಿಟ್ಟರು. ಎಷ್ಟು ಜನ ಬರುತ್ತಿದ್ದಾರೆಂಬುದೇ ತಿಳಿಯದಿದ್ದರೆ ಪೋಲೀಸರಾದರೂ ಯಾವ ದಾರಿಯನ್ನು ಯಾವಾಗ ಮುಚ್ಚಬೇಕು?

2015ರ ಮೇಳಕ್ಕೆ ಮುನ್ನ ಊರವರೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ನಾಸಿಕದವರೇ ಆಗಿ ಅಮೆರಿಕೆಯ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾದ ರಮೇಶ ರಾಸ್ಕರ್ ಅವರ ಪ್ರೇರಣೆಯಿಂದ ನಡೆದ 'ಕುಂಭಥಾನ್' ಶಿಬಿರಗಳಲ್ಲಿ ವಿದ್ಯಾರ್ಥಿಗಳೂ ಉದ್ಯಮಿಗಳೂ ಅಧಿಕಾರಿಗಳೂ ಜೊತೆಗೆ ಕುಳಿತರು. ಅಲ್ಲಿ ಹುಟ್ಟಿದ್ದು ಒಂದು ಚಾಪೆ! ದಾರಿಗೆ ಅಡ್ಡಲಾಗಿ ಹಾಸಿದರೆ, ತುಳಿದ ಹೆಜ್ಜೆಗಳ ಭಾರದಿಂದಲೇ ಎಷ್ಟು ಮಂದಿ ದಾಟಿದರೆಂದು ಲೆಕ್ಕ ಹೇಳುತ್ತದೆ. ಅದನ್ನು ಮಾಡಿದವರಲ್ಲಿ ಶಾಲೆಗೆ ಹೋಗುವ ಹುಡುಗನೂ ಇದ್ದನೆಂದರೆ ನಮ್ಮ ಮನೆಯ ಮಕ್ಕಳು ಕಿವಿ ನಿಮಿರಿಸಿಯಾರು. ಆ ಮೇಳದಲ್ಲಿ ಚಾಪೆಯನ್ನು ಹಾಸಿಯೂ ನೋಡಿದರು.

ಹಸಿವೆಗೂ ಅದೇ ವರ್ಷ ಒಂದು ಉಪಾಯ ಹೊಳೆಯಿತು. ಆಗ ಔರಂಗಾಬಾದ್ ಎನಿಸಿಕೊಂಡಿದ್ದ ಛತ್ರಪತಿ ಸಂಭಾಜಿನಗರದಲ್ಲಿ ಡಿಸೆಂಬರಿನಲ್ಲಿ 'ರೋಟಿ ಬ್ಯಾಂಕ್' ತೆರೆಯಿತು. ಸದಸ್ಯರು ಮನೆಯಲ್ಲಿ ಮಾಡಿದ ಎರಡೆರಡು ರೊಟ್ಟಿ, ಪಲ್ಯ ಜಮೆ ಮಾಡುವುದು, ಇಲ್ಲದವರು ಒಯ್ಯುವುದು. ಬಡ್ಡಿಯ ಮಾತಿಲ್ಲ!

2027ರ ಸಿಂಹಸ್ಥಕ್ಕೆ ಊರಿನಿಂದ ನೆಂಟರು ಬಂದು ನಮ್ಮ ಮನೆಗಳಲ್ಲೇ ಇಳಿಯುವವರು. ಅತ್ತೆ, ಅಜ್ಜಿಯರ ಕೈಹಿಡಿದು ರಾಮಕುಂಡಕ್ಕೆ ಕರೆದೊಯ್ಯುವವರು ನಾವೇ ತಾನೆ?