ಎಕ್ಸೆಲ್ ಹಾಳೆಯಿಂದ ರಂಗದ ನಕ್ಷೆಗೆ: ಬೆಳಕಿನ ಉಪಕರಣಗಳ ದತ್ತಾಂಶ ವರ್ಗಾವಣೆಯಲ್ಲಿ ವಹಿಸಬೇಕಾದ ಎಚ್ಚರ

ನಾಟಕ, ಸಂಗೀತ ಕಾರ್ಯಕ್ರಮ, ಸಮಾವೇಶ, ವಿವಾಹ ಸಮಾರಂಭ ಮುಂತಾದವುಗಳಿಗೆ ಬೆಳಕಿನ ಉಪಕರಣಗಳನ್ನು ಬಾಡಿಗೆಗೆ ಒದಗಿಸುವ ಸಂಸ್ಥೆಗಳಲ್ಲಿ ದಾಸ್ತಾನಿನ ಲೆಕ್ಕ ಸಾಮಾನ್ಯವಾಗಿ ಎಕ್ಸೆಲ್ ಹಾಳೆಯಲ್ಲಿರುತ್ತದೆ. ಯಾವ ದೀಪ ಯಾವ ಕಂಬಿಯಲ್ಲಿ ತೂಗಬೇಕು, ಯಾವ ಡಿಮ್ಮರ್‌ಗೆ ಸೇರಬೇಕು, ಒಟ್ಟು ಎಷ್ಟು ವಿದ್ಯುತ್ ಬೇಕು ಎಂಬುದನ್ನು ಮಾತ್ರ ಯೋಜನಾ ತಂತ್ರಾಂಶದಲ್ಲಿ ನಿರ್ಧರಿಸಲಾಗುತ್ತದೆ. ಮೊದಲಿನದರಲ್ಲಿರುವ ಮಾಹಿತಿಯನ್ನು ಎರಡನೆಯದಕ್ಕೆ ತುಂಬುವ ಕ್ರಿಯೆಗೆ ಗಣಕ ಪರಿಭಾಷೆಯಲ್ಲಿಯೂ ‘ಆಮದು’ ಎಂದೇ ಹೆಸರು. ಈ ಆಮದಿಗೆ ಸುಂಕವಿಲ್ಲ; ಆದರೆ ತಪಾಸಣೆಯಿಲ್ಲದೆ ಸರಕನ್ನು ಒಳಬಿಟ್ಟರೆ ದಂಡ ತೆರಬೇಕಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಮುಗಿಯುವ ಈ ಕೆಲಸದಲ್ಲಿ ನುಸುಳಿದ ಒಂದು ತಪ್ಪು ಅಂಕಿ ಪ್ರದರ್ಶನದ ದಿನ ವಿದ್ಯುತ್ ಸಂಪರ್ಕವನ್ನೇ ಕಡಿಯಬಲ್ಲದು, ಜನರ ತಲೆಯ ಮೇಲಿರುವ ಟ್ರಸ್‌ಗೆ ಮಿತಿಮೀರಿದ ಭಾರವನ್ನೂ ಹೇರಬಲ್ಲದು.

ಎರಡು ಪಟ್ಟಿಗಳು, ಎರಡು ಉದ್ದೇಶಗಳು

ಅಮೆರಿಕದ ರಂಗಭೂಮಿಯಲ್ಲಿ ದೀಪಗಳ ವಿವರಗಳನ್ನು ಕೋಷ್ಟಕಗಳಾಗಿ ಕಾಗದದ ಮೇಲೆ ಬರೆದಿಡುವ ಪದ್ಧತಿ ಬಹು ಹಿಂದಿನದು. ಈ ಕೋಷ್ಟಕಗಳನ್ನು ಗಣಕಕ್ಕೆ ತರುವ ನಿಟ್ಟಿನಲ್ಲಿ ಜಾನ್ ಮೆಕರ್ನನ್ ಅವರು 1982ರಲ್ಲಿ ಆರಂಭಿಸಿದ ಕಾರ್ಯವು ಮುಂದೆ ‘ಲೈಟ್‌ರೈಟ್’ ಎಂಬ ತಂತ್ರಾಂಶವಾಗಿ ಬೆಳೆಯಿತು. ನಕ್ಷೆ ರಚನೆಗೆ ‘ವೆಕ್ಟರ್‌ವರ್ಕ್ಸ್ ಸ್ಪಾಟ್‌ಲೈಟ್’ನಂತಹ ತಂತ್ರಾಂಶಗಳು ಬಳಕೆಯಲ್ಲಿವೆ. ಇಂತಹ ತಂತ್ರಾಂಶಗಳು ಟ್ಯಾಬ್ ಅಥವಾ ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಕಡತಗಳನ್ನು ಸ್ವೀಕರಿಸುವುದರಿಂದ ಎಕ್ಸೆಲ್ ಹಾಳೆಯ ವಿವರಗಳನ್ನು ಮತ್ತೆ ಕೈಯಿಂದ ತುಂಬುವ ಶ್ರಮ ಉಳಿಯುತ್ತದೆ.

ತೊಡಕು ಆರಂಭವಾಗುವುದು ಪಟ್ಟಿಯ ಸ್ವರೂಪದಿಂದಲೇ. ಗೋದಾಮಿನ ಪಟ್ಟಿಯಲ್ಲಿ ‘ಪಾರ್ 64, ಸಂಖ್ಯೆ 40’ ಎಂದು ಒಂದೇ ಸಾಲು ಸಾಕು. ರಂಗದ ನಕ್ಷೆಗೆ ಆ ನಲವತ್ತು ದೀಪಗಳೂ ನಲವತ್ತು ಸಾಲುಗಳಾಗಿ ಬೇಕು. ಏಕೆಂದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಸ್ಥಾನ, ಚಾನೆಲ್ ಮತ್ತು ಸರ್ಕ್ಯೂಟ್ ಇರುತ್ತವೆ. ನೋಟಕ್ಕೆ ಅಂದವಾಗಲೆಂದು ಬೆಸೆದ ಕೋಶಗಳು, ನಡುನಡುವೆ ಬರುವ ಉಪಮೊತ್ತಗಳು, ಖಾಲಿ ಸಾಲುಗಳು, ಎರಡು ಸಾಲಿನ ತಲೆಬರಹಗಳು ಮನುಷ್ಯನ ಕಣ್ಣಿಗೆ ಅನುಕೂಲವೇ ಹೌದು. ಆದರೆ ತಂತ್ರಾಂಶವು ಉಪಮೊತ್ತದ ಸಾಲನ್ನೂ ಒಂದು ದೀಪವೆಂದೇ ಭಾವಿಸಬಹುದು. ಆದುದರಿಂದ ಒಂದು ಸಾಲಿಗೆ ಒಂದು ದೀಪ, ಒಂದು ಅಂಕಣಕ್ಕೆ ಒಂದು ವಿಷಯ, ಮೇಲೆ ಒಂದೇ ತಲೆಬರಹ ಎಂಬ ನಿಯಮಕ್ಕೆ ಬದ್ಧವಾದ ಪ್ರತ್ಯೇಕ ಹಾಳೆಯನ್ನು ಆಮದಿಗೆಂದೇ ಸಿದ್ಧಪಡಿಸುವುದು ಲೇಸು.

ಸದ್ದಿಲ್ಲದೆ ಬದಲಾಗುವ ಅಂಕಿಗಳು

ಆಧುನಿಕ ದೀಪಗಳನ್ನು ನಿಯಂತ್ರಿಸುವ ಡಿಎಂಎಕ್ಸ್ 512 ಎಂಬ ಸಂಕೇತ ಪದ್ಧತಿಯನ್ನು ಅಮೆರಿಕದ ರಂಗ ತಂತ್ರಜ್ಞರ ಸಂಸ್ಥೆಯು 1986ರಲ್ಲಿ ರೂಪಿಸಿತು. ಹೆಸರೇ ಸೂಚಿಸುವಂತೆ ಒಂದು ಜಾಲದಲ್ಲಿ 512 ವಿಳಾಸಗಳಿರುತ್ತವೆ. ಇಂತಹ ಜಾಲವನ್ನು ‘ಯೂನಿವರ್ಸ್’ ಎನ್ನುತ್ತಾರೆ. ಮೊದಲನೆಯ ಯೂನಿವರ್ಸ್‌ನ ಹನ್ನೆರಡನೆಯ ವಿಳಾಸವನ್ನು ‘1/12’ ಎಂದು ಬರೆಯುವ ರೂಢಿಯುಂಟು. ಎಕ್ಸೆಲ್ ಇದನ್ನು ದಿನಾಂಕವೆಂದು ತಿಳಿಯುತ್ತದೆ. ಗಣಕದ ಪ್ರಾದೇಶಿಕ ಹೊಂದಿಕೆ ಭಾರತದ್ದಾಗಿದ್ದರೆ ಅದು ಡಿಸೆಂಬರ್ 1 ಆಗುತ್ತದೆ, ಅಮೆರಿಕದ್ದಾಗಿದ್ದರೆ ಜನವರಿ 12 ಆಗುತ್ತದೆ. ಕೋಶದ ಒಳಗೆ ಉಳಿಯುವುದು ಒಂದು ಐದಂಕಿಯ ದಿನಸಂಖ್ಯೆ ಮಾತ್ರ.

ಚುಕ್ಕಿ ಇಟ್ಟು ಬರೆದರೆ ಅಪಾಯ ಇನ್ನೂ ಸೂಕ್ಷ್ಮ. ಎರಡನೆಯ ಯೂನಿವರ್ಸ್‌ನ ನೂರನೆಯ ವಿಳಾಸವನ್ನು ‘2.100’ ಎಂದು ನಮೂದಿಸಿದರೆ ಎಕ್ಸೆಲ್ ಅದನ್ನು ದಶಮಾಂಶವೆಂದು ಭಾವಿಸಿ ‘2.1’ ಎಂದು ಉಳಿಸುತ್ತದೆ. ಅದನ್ನು ಓದಿದ ತಂತ್ರಾಂಶವು ನೂರನೆಯ ವಿಳಾಸದ ಬದಲು ಒಂದನೆಯ ವಿಳಾಸವನ್ನು ಆ ದೀಪಕ್ಕೆ ನೀಡಬಹುದು. ಸರ್ಕ್ಯೂಟಿಗೆ ‘1ಇ2’ ಎಂದು ಇಂಗ್ಲಿಷ್ ಅಕ್ಷರ ಸೇರಿಸಿ ಹೆಸರಿಟ್ಟಿದ್ದರೆ ಅದು ವೈಜ್ಞಾನಿಕ ಸಂಕೇತವೆಂದು ಪರಿಗಣಿತವಾಗಿ ನೂರು ಎಂಬ ಸಂಖ್ಯೆಯಾಗುತ್ತದೆ. ‘007’ ಎಂಬ ಗುರುತು ಕೇವಲ 7 ಆಗುತ್ತದೆ. ಇವುಗಳಲ್ಲಿ ಯಾವುದಕ್ಕೂ ಎಚ್ಚರಿಕೆಯ ಸಂದೇಶ ಬರುವುದಿಲ್ಲ.

ಇದು ರಂಗಭೂಮಿಗೆ ಮಾತ್ರ ಸೀಮಿತವಾದ ಸಮಸ್ಯೆಯಲ್ಲ. ಮಾನವ ವಂಶವಾಹಿಗಳ ಹೆಸರುಗಳನ್ನು ಎಕ್ಸೆಲ್ ತಿಂಗಳುಗಳೆಂದು ತಿಳಿದು ದಿನಾಂಕಗಳಾಗಿ ಮಾರ್ಪಡಿಸುತ್ತಿದ್ದುದರಿಂದ, 2020ರಲ್ಲಿ ನಾಮಕರಣ ಸಮಿತಿಯು ಆ ಹೆಸರುಗಳನ್ನೇ ಬದಲಿಸಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಕೆಲವು ದಿನಗಳ ಕಾಲ ಹೊರಗುಳಿದಿದ್ದವು. ಹಳೆಯ ಎಕ್ಸೆಲ್ ಕಡತದಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲವೆಂಬ ಮಿತಿಯೇ ಅದಕ್ಕೆ ಕಾರಣವೆಂದು ಅಂದು ವರದಿಯಾಯಿತು. ದೊಡ್ಡ ಸಂಸ್ಥೆಗಳೂ ಎಡವಿದ ಸ್ಥಳದಲ್ಲಿ ಸಣ್ಣ ಉದ್ದಿಮೆಗಳು ಇನ್ನಷ್ಟು ಎಚ್ಚರದಿಂದ ಹೆಜ್ಜೆಯಿಡಬೇಕು.

ಎಕ್ಸೆಲ್‌ನಲ್ಲಿ ಇಂತಹ ಕೆಲವು ಸ್ವಯಂಚಾಲಿತ ಮಾರ್ಪಾಡುಗಳನ್ನು ನಿಲ್ಲಿಸುವ ಆಯ್ಕೆಯು 2023ರಿಂದ ಲಭ್ಯವಿದೆ. ಆದರೂ ವಿವರ ತುಂಬುವ ಮೊದಲೇ ಆಯಾ ಅಂಕಣವನ್ನು ‘ಪಠ್ಯ’ ಎಂದು ನಿಗದಿಪಡಿಸುವುದು ಹಾಗೂ ಯೂನಿವರ್ಸ್ ಮತ್ತು ವಿಳಾಸಗಳನ್ನು ಎರಡು ಪ್ರತ್ಯೇಕ ಅಂಕಣಗಳಲ್ಲಿ ಬರೆಯುವುದು ಹೆಚ್ಚು ಸುರಕ್ಷಿತ.

ವಿದ್ಯುತ್, ತೂಕ ಮತ್ತು ಚಾನೆಲ್‌ಗಳ ಲೆಕ್ಕ

ಸಾವಿರ ವ್ಯಾಟ್‌ನ 40 ಹ್ಯಾಲೊಜೆನ್ ಪಾರ್ ದೀಪಗಳಿಗೆ ಒಟ್ಟು 40 ಕಿಲೋವ್ಯಾಟ್ ವಿದ್ಯುತ್ ಬೇಕು. 230 ವೋಲ್ಟ್‌ನ ಒಂದೇ ಫೇಸ್‌ಗೆ ಸೇರಿಸಿದರೆ ಇದು ಸುಮಾರು 174 ಆಂಪಿಯರ್. ಮೂರು ಫೇಸ್‌ಗಳಿಗೆ 13, 13 ಮತ್ತು 14 ದೀಪಗಳಂತೆ ಹಂಚಿದರೆ ಒಂದೊಂದರ ಮೇಲೂ 57ರಿಂದ 61 ಆಂಪಿಯರ್ ಬೀಳುತ್ತದೆ. ಜನರೇಟರಿನ ಗಾತ್ರ, ಕೇಬಲ್‌ನ ದಪ್ಪ ಇವೆಲ್ಲವೂ ಈ ಮೊತ್ತವನ್ನೇ ಅವಲಂಬಿಸಿವೆ. ಹಾಳೆಯಲ್ಲಿ ‘1000 ವ್ಯಾಟ್’ ಎಂದು ಅಂಕಿಯ ಜೊತೆಗೆ ಅಕ್ಷರವನ್ನೂ ಬರೆದಿದ್ದರೆ ಅದು ಸಂಖ್ಯೆಯಾಗಿ ಉಳಿಯದೆ ಮೊತ್ತದಿಂದ ಬಿಟ್ಟುಹೋಗುವ ಸಾಧ್ಯತೆಯಿದೆ. ‘1,000’ ಎಂದು ಅಲ್ಪವಿರಾಮ ಬಳಸಿ ಉದ್ಧರಣ ಚಿಹ್ನೆಯಿಲ್ಲದೆ ಸಿಎಸ್‌ವಿ ಕಡತ ಮಾಡಿದರೆ ಅದು 1 ಮತ್ತು 000 ಎಂಬ ಎರಡು ಅಂಕಣಗಳಾಗಿ ಒಡೆದು, ಮುಂದಿನ ಎಲ್ಲ ವಿವರಗಳೂ ಒಂದೊಂದು ಮನೆ ಪಕ್ಕಕ್ಕೆ ಸರಿಯುತ್ತವೆ.

ತೂಕದಲ್ಲಿಯೂ ಇದೇ ಎಚ್ಚರ ಅವಶ್ಯಕ. ತಲಾ 30 ಕಿಲೋ ತೂಗುವ 12 ಮೂವಿಂಗ್ ಹೆಡ್ ದೀಪಗಳ ಒಟ್ಟು ಭಾರ 360 ಕಿಲೋ. ತಂತ್ರಾಂಶವು ಪೌಂಡ್ ಮಾನದಲ್ಲಿದ್ದು ಅದೇ ಅಂಕಿಯನ್ನು ಓದಿದರೆ ಭಾರ ಸುಮಾರು 163 ಕಿಲೋ ಎಂದಷ್ಟೇ ಲೆಕ್ಕಕ್ಕೆ ಬರುತ್ತದೆ. ಟ್ರಸ್ ಮತ್ತು ಚೈನ್ ಹಾಯ್ಸ್ಟ್‌ಗಳ ಸಾಮರ್ಥ್ಯವನ್ನು ಈ ತಪ್ಪು ಅಂಕಿಯ ಮೇಲೆ ನಿರ್ಧರಿಸಿದರೆ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ದೀಪದ ಹೆಸರಿನೊಡನೆ ಅದರ ‘ಮೋಡ್’ ಅನ್ನೂ ನಮೂದಿಸುವುದು ಅಗತ್ಯ. ಒಂದೇ ಮಾದರಿಯ ದೀಪವು ಒಂದು ಮೋಡ್‌ನಲ್ಲಿ 16 ವಿಳಾಸಗಳನ್ನೂ ಇನ್ನೊಂದರಲ್ಲಿ 24 ವಿಳಾಸಗಳನ್ನೂ ಬಳಸಬಹುದು. 16ರ ಲೆಕ್ಕದಲ್ಲಿ ಎರಡನೆಯ ದೀಪಕ್ಕೆ 17ನೆಯ ವಿಳಾಸ ನೀಡಿ, ಮೊದಲನೆಯ ದೀಪ 24ರ ಮೋಡ್‌ನಲ್ಲಿದ್ದರೆ, 17ರಿಂದ 24ರವರೆಗಿನ ಆಜ್ಞೆಗಳು ಎರಡೂ ದೀಪಗಳಿಗೆ ತಲಪುತ್ತವೆ. ಪ್ರದರ್ಶನದ ನಡುವೆ ಒಂದು ದೀಪವನ್ನು ತಿರುಗಿಸಲು ಹೋದಾಗ ಇನ್ನೊಂದು ಬಣ್ಣ ಬದಲಿಸುವುದು ಇಂತಹ ಕಾರಣಗಳಿಂದಲೇ.

ಕನ್ನಡದ ಪಟ್ಟಿಗಳು

ಕರ್ನಾಟಕದ ಸಂಸ್ಥೆಗಳು ಗಮನಿಸಬೇಕಾದ ಇನ್ನೊಂದು ಅಂಶವಿದೆ. ದೀಪದ ಸ್ಥಾನ, ಉದ್ದೇಶ ಮುಂತಾದವುಗಳನ್ನು ಕನ್ನಡದಲ್ಲಿ ಬರೆದ ಹಾಳೆಯನ್ನು ಸಾಮಾನ್ಯ ಸಿಎಸ್‌ವಿಯಾಗಿ ಉಳಿಸಿದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಮೂಡಬಹುದು. ‘ಯುಟಿಎಫ್-8’ ಎಂಬ ಆಯ್ಕೆಯನ್ನೇ ಬಳಸಬೇಕು. ‘ನುಡಿ’ ಅಥವಾ ‘ಬರಹ’ದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಪಟ್ಟಿಗಳು ಯೂನಿಕೋಡ್ ಅಲ್ಲದ ಕಾರಣ ಹೊಸ ತಂತ್ರಾಂಶದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವುಗಳನ್ನು ಮೊದಲು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತರುವುದು ಅನಿವಾರ್ಯ.

ಹೊಸ ಮಾನಕಗಳು

ಎಂಎ ಲೈಟಿಂಗ್, ರೋಬೆ ಮತ್ತು ವೆಕ್ಟರ್‌ವರ್ಕ್ಸ್ ಸಂಸ್ಥೆಗಳು ಒಟ್ಟಾಗಿ ರೂಪಿಸಿದ ‘ಜಿಡಿಟಿಎಫ್’ ಎಂಬ ಕಡತ ಮಾದರಿಯು 2020ರಲ್ಲಿ ಜರ್ಮನಿಯ ‘ಡಿಐಎನ್ ಸ್ಪೆಕ್ 15800’ ಎಂಬ ದಾಖಲೆಯಾಗಿ ಪ್ರಕಟವಾಯಿತು. ದೀಪದ ಮೋಡ್‌ಗಳು, ತೂಕ ಮುಂತಾದ ವಿವರಗಳನ್ನು ಇದು ಒಂದೇ ಕಡತದಲ್ಲಿ ಹೊತ್ತು ತರಬಲ್ಲದು. ಇದರ ಜೊತೆಗಾರನಾದ ‘ಎಂವಿಆರ್’ ಇಡೀ ರಂಗದ ಜೋಡಣೆಯನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಆದರೆ ಗೋದಾಮಿನಲ್ಲಿ ಯಾವ ದೀಪ ಎಷ್ಟಿದೆ, ಯಾವುದು ದುರಸ್ತಿಯಲ್ಲಿದೆ ಎಂಬುದನ್ನು ಈ ಮಾನಕಗಳು ತಿಳಿಸಲಾರವು. ಆ ಮಾಹಿತಿಗೆ ಸಂಸ್ಥೆಯ ಸ್ವಂತ ಹಾಳೆಯೇ ಆಧಾರವಾಗಿರುವುದರಿಂದ ಅದರ ಶುದ್ಧತೆಯ ಹೊಣೆಯೂ ಸಂಸ್ಥೆಯದೇ.

ಪಾಲಿಸಬೇಕಾದ ಕ್ರಮ

ಮೂಲ ಹಾಳೆಯನ್ನು ಮುಟ್ಟದೆ ಪ್ರತಿಯೊಂದನ್ನು ಸಿದ್ಧಪಡಿಸಿಕೊಂಡು ಅದರ ಮೇಲೆಯೇ ಕೆಲಸ ಮಾಡಬೇಕು. ಪ್ರತಿ ದೀಪಕ್ಕೂ ಬದಲಾಗದ ಗುರುತಿನ ಸಂಖ್ಯೆಯೊಂದು ಇರಬೇಕು. ಈ ಗುರುತು ಇಲ್ಲದಿದ್ದರೆ ತಿದ್ದಿದ ಹಾಳೆಯನ್ನು ಎರಡನೆಯ ಬಾರಿ ಆಮದು ಮಾಡಿದಾಗ ಹಳೆಯ ದೀಪಗಳು ನವೀಕರಣಗೊಳ್ಳುವ ಬದಲು ಹೊಸದಾಗಿ ಸೇರಿ, 40 ದೀಪಗಳು 80 ಆಗಬಹುದು. ವಿಂಗಡಿಸುವಾಗ ಒಂದೇ ಅಂಕಣವನ್ನು ಆಯ್ದುಕೊಳ್ಳದೆ ಇಡೀ ಕೋಷ್ಟಕವನ್ನು ಆಯ್ದುಕೊಳ್ಳಬೇಕು. ಇಲ್ಲವಾದರೆ ಒಂದು ದೀಪದ ವಿಳಾಸ ಇನ್ನೊಂದರ ಪಾಲಾಗುತ್ತದೆ.

ಹಾಳೆಯ ಯಾವ ಅಂಕಣ ತಂತ್ರಾಂಶದ ಯಾವ ಅಂಕಣಕ್ಕೆ ಸಲ್ಲುತ್ತದೆ ಎಂಬುದನ್ನು ಒಮ್ಮೆ ಬರೆದಿಟ್ಟುಕೊಂಡರೆ ಮುಂದಿನ ಬಾರಿಗೂ ಅನುಕೂಲ. ಮೊದಲು ಬಗೆಬಗೆಯ ಐದಾರು ದೀಪಗಳನ್ನು ಮಾತ್ರ ಆಮದು ಮಾಡಿ ಪರೀಕ್ಷಿಸಬೇಕು. ಪೂರ್ಣ ಆಮದಿನ ನಂತರ ದೀಪಗಳ ಸಂಖ್ಯೆ, ಒಟ್ಟು ವ್ಯಾಟ್, ಒಟ್ಟು ತೂಕ, ಅತಿ ದೊಡ್ಡ ವಿಳಾಸ ಈ ನಾಲ್ಕನ್ನು ಎರಡೂ ಕಡೆ ತಾಳೆ ನೋಡಬೇಕು. ಸಾಲಿನ ವಿವರಗಳು ಅದಲುಬದಲಾದರೆ ಮೊತ್ತಗಳು ಸರಿಯಾಗಿಯೇ ಕಾಣುವುದರಿಂದ, ಅಲ್ಲಲ್ಲಿನ ಕೆಲವು ದೀಪಗಳನ್ನು ಆಯ್ದು ಗುರುತಿನ ಸಂಖ್ಯೆಯ ಸಹಿತ ಒಂದೊಂದಾಗಿ ಹೋಲಿಸುವುದೂ ಅವಶ್ಯಕ.

ದಿನದ ವಹಿವಾಟು ಮುಗಿದ ಮೇಲೆ ರೋಕಡವನ್ನು ತಾಳೆ ನೋಡದೆ ಅಂಗಡಿಯ ಬಾಗಿಲು ಹಾಕದಿರುವುದು ವ್ಯಾಪಾರಿಗಳ ಹಳೆಯ ಶಿಸ್ತು. ಬೆಳಕಿನ ಉದ್ಯಮದಲ್ಲಿರುವವರು ದತ್ತಾಂಶಕ್ಕೂ ಅದೇ ಶಿಸ್ತನ್ನು ಅನ್ವಯಿಸಿ, ಅದರ ಹೊಣೆಯನ್ನು ಒಬ್ಬ ನಿರ್ದಿಷ್ಟ ಸಿಬ್ಬಂದಿಗೆ ವಹಿಸಿ, ತಾಳೆಯಾದ ಹಾಳೆಯ ಮೇಲೆ ದಿನಾಂಕ ಮತ್ತು ಸಹಿ ಪಡೆದ ನಂತರವೇ ಲಾರಿಗೆ ಸಾಮಗ್ರಿ ತುಂಬುವ ಪದ್ಧತಿಯನ್ನು ರೂಢಿಸಿಕೊಳ್ಳುವುದು ಉಚಿತ.