ದಿಂಬಂ ಘಾಟಿಯ ಮೇಲಿನವರಿಗೆ ದಿಲ್ಲಿಯ ಸಂಪುಟ

ಚಾಮರಾಜನಗರದ ಕಡೆಯಿಂದ ಗಡಿ ದಾಟಿದರೆ ದಿಂಬಂ ಘಾಟಿಯ ಮೇಲಿನ ತಾಳವಾಡಿ. ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು, ಮನೆಮಾತು ಬಹುಪಾಲು ಕನ್ನಡ. 1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ರಾಜ್ಯಗಳ ಪುನರ್ವಿಂಗಡಣೆಯ ಕುರಿತ ಫಜಲ್ ಅಲಿ ಆಯೋಗದ ವರದಿಯನ್ನು ಪರಿಶೀಲಿಸಿ, ಮಸೂದೆಯಾಗಿಸಿ ಸಂಸತ್ತಿನ ಮುಂದಿಟ್ಟದ್ದು ನೆಹರೂ ಸಂಪುಟ; ಆಗ ಗೃಹ ಸಚಿವರು ಗೋವಿಂದ ವಲ್ಲಭ ಪಂತ್. ಈ ಬೆಟ್ಟದವರ ಬದುಕಿನ ಮೇಲೆ ದಿಲ್ಲಿಯ ಸಂಪುಟ ಎಷ್ಟು ಆಳವಾದ ಗೆರೆ ಎಳೆಯಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ಸಂಪುಟ ಕಟ್ಟುವ ಬಗೆ ಸಂವಿಧಾನದ 75ನೇ ವಿಧಿಯಲ್ಲಿದೆ. ಲೋಕಸಭೆಯ ಬಹುಮತ ಯಾರ ಬೆನ್ನಿಗಿದೆಯೋ ಅವರನ್ನು ರಾಷ್ಟ್ರಪತಿ ಪ್ರಧಾನಿಯಾಗಿ ನೇಮಿಸುತ್ತಾರೆ. ಉಳಿದ ಸಚಿವರ ನೇಮಕ ಪ್ರಧಾನಿಯ ಸಲಹೆಯಂತೆ. ಮತದಾರ ಸಂಸದನನ್ನು ಆರಿಸುತ್ತಾನೆ, ಸಚಿವನನ್ನಲ್ಲ. ತಾಳವಾಡಿ ಸೇರಿರುವ ನೀಲಗಿರಿ ಲೋಕಸಭಾ ಕ್ಷೇತ್ರ ಇದನ್ನು ಎರಡೂ ಕಡೆಯಿಂದ ಕಂಡಿದೆ. 2009ರಲ್ಲಿ ಇಲ್ಲಿ ಗೆದ್ದ ಎ. ರಾಜಾ ಸಂಪುಟ ದರ್ಜೆಯ ಸಂಪರ್ಕ ಸಚಿವರಾದರು. 2ಜಿ ತರಂಗಾಂತರದ ವಿವಾದದಲ್ಲಿ 2010ರ ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. 2017ರಲ್ಲಿ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು. 2024ರಲ್ಲಿ ಮತ್ತೆ ಗೆದ್ದ ರಾಜಾ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತರು. ಅವರೆದುರು ಸೋತ ಎಲ್. ಮುರುಗನ್ ಕೇಂದ್ರದ ರಾಜ್ಯ ಸಚಿವರಾದರು, ಮಧ್ಯಪ್ರದೇಶದಿಂದ ಬಂದ ರಾಜ್ಯಸಭಾ ಸದಸ್ಯರಾಗಿ. 2021ರ ಜುಲೈಯಲ್ಲಿ ಅವರು ಮೊದಲ ಸಲ ಪ್ರಮಾಣವಚನ ಸ್ವೀಕರಿಸಿದಾಗ ಎರಡೂ ಸದನಗಳಲ್ಲಿ ಇರಲಿಲ್ಲ. ಸದಸ್ಯನಲ್ಲದವನೂ ಆರು ತಿಂಗಳು ಸಚಿವನಾಗಿರಬಹುದು. ಸೆಪ್ಟೆಂಬರಿನಲ್ಲಿ ಅವರು ರಾಜ್ಯಸಭೆಗೆ ಆಯ್ಕೆಯಾದರು. ಗಡಿಯಾಚೆ ಚಾಮರಾಜನಗರದಲ್ಲಿ 2023ರ ವಿಧಾನಸಭಾ ಚುನಾವಣೆ ಸೋತ ವಿ. ಸೋಮಣ್ಣ ಮರುವರ್ಷ ತುಮಕೂರಿನಿಂದ ಸಂಸದರಾಗಿ ರೈಲ್ವೆ ರಾಜ್ಯ ಸಚಿವರಾದದ್ದನ್ನೂ ಇಲ್ಲಿನವರು ನೋಡಿದ್ದಾರೆ.

ಮಂತ್ರಿಮಂಡಲ ದೊಡ್ಡದು, ಅದರೊಳಗಿನ ಸಂಪುಟ ಚಿಕ್ಕದು. 2024ರ ಜೂನ್ 9ರಂದು ಪ್ರಧಾನಿಯೂ ಸೇರಿ 72 ಮಂದಿ ಪ್ರಮಾಣವಚನ ಸ್ವೀಕರಿಸಿದರು: ಸಂಪುಟ ದರ್ಜೆಯವರು 30, ಸ್ವತಂತ್ರ ಹೊಣೆಯ ರಾಜ್ಯ ಸಚಿವರು 5, ಉಳಿದ ರಾಜ್ಯ ಸಚಿವರು 36. 2003ರ 91ನೇ ತಿದ್ದುಪಡಿಯ ಪ್ರಕಾರ ಒಟ್ಟು ಸಂಖ್ಯೆ ಲೋಕಸಭೆಯ ಶೇ 15ನ್ನು, ಅಂದರೆ 81ನ್ನು, ಮೀರುವಂತಿಲ್ಲ. ಸಂಪುಟ ಸಭೆಯಲ್ಲಿ ಕೂರುವವರು ಸಂಪುಟ ದರ್ಜೆಯವರು; ಮಿಕ್ಕವರಿಗೆ ಕರೆ ಬಂದಾಗ ಮಾತ್ರ ಪ್ರವೇಶ.

‘ನಮ್ಮ ಕ್ಷೇತ್ರಕ್ಕೆ ಮಂತ್ರಿಗಿರಿ ಸಿಕ್ಕಿತೇ’ ಎಂಬ ಪ್ರಶ್ನೆಯೇ ಪ್ರತಿ ಸಲ ಸುದ್ದಿಯನ್ನು ಆಳುತ್ತದೆ. ತಾಳವಾಡಿಯವರಿಗೆ ಅದಕ್ಕಿಂತ ಮುಖ್ಯವಾದದ್ದು ಯಾವ ವಿಷಯ ಯಾವ ಸಚಿವಾಲಯದ ಕೈಯಲ್ಲಿದೆ ಎಂಬುದೇ; ಇದು ನನ್ನ ಖಚಿತ ಅಭಿಪ್ರಾಯ. ಅದನ್ನು ಹೇಳುವುದು 1961ರ ಕಾರ್ಯಹಂಚಿಕೆ ನಿಯಮಗಳು. ಖಾತೆ ಬದಲಾದಾಗ, ಹೊಸ ಸಚಿವಾಲಯ ಹುಟ್ಟಿದಾಗ ತಿದ್ದುವುದು ಈ ಪಟ್ಟಿಯನ್ನೇ. ದಿಂಬಂ ಘಾಟಿಯ 27 ತಿರುವುಗಳು ಹೆದ್ದಾರಿ ಸಚಿವಾಲಯದ ಲೆಕ್ಕ. ಸುತ್ತಲಿನ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ; ಹುಲಿಯ ವಿಷಯ ಪರಿಸರ ಸಚಿವಾಲಯದ್ದು. ಅದೇ ಕಾಡಿನಲ್ಲಿ ತಲೆತಲಾಂತರದಿಂದ ಬಾಳಿದ ಸೋಲಿಗರ, ಊರಾಳಿಗಳ ಹಕ್ಕಿನ ಕಾಯ್ದೆ ಮಾತ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯದ್ದು. 2006ರಲ್ಲಿ ಕಾರ್ಯಹಂಚಿಕೆ ನಿಯಮವನ್ನೇ ತಿದ್ದಿ ಅರಣ್ಯವಾಸಿ ಬುಡಕಟ್ಟುಗಳ ಭೂಹಕ್ಕಿನ ಕಾನೂನನ್ನು ಅದಕ್ಕೆ ವಹಿಸಲಾಯಿತು. ಆ ವರ್ಷದ ಕೊನೆಗೆ ಅರಣ್ಯ ಹಕ್ಕು ಕಾಯ್ದೆ ಬಂತು. ಒಂದೇ ಮರದಡಿಯ ನೆಲಕ್ಕೆ ಹೀಗೆ ಇಬ್ಬರು ಸಚಿವರು.

ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂದರೆ? ಕಾರ್ಯನಿರ್ವಹಣಾ ನಿಯಮಗಳ ಪ್ರಕಾರ ಸಚಿವಾಲಯಗಳು ಮೊದಲು ಪರಸ್ಪರ ಸಮಾಲೋಚಿಸಬೇಕು. ಒಮ್ಮತ ಬಾರದೆ ಸಂಪುಟದ ತೀರ್ಮಾನ ಬೇಕೆನಿಸಿದರೆ ಕಡತ ಸಂಪುಟಕ್ಕೆ ಹೋಗುತ್ತದೆ. ಈ ಓಡಾಟವನ್ನೆಲ್ಲ ಹೊಂದಿಸುವ ಸಂಪುಟ ಕಾರ್ಯದರ್ಶಿ ಹುದ್ದೆಗೆ 2024ರ ಆಗಸ್ಟ್‌ನಲ್ಲಿ ಬಂದವರು ತಮಿಳುನಾಡು ಶ್ರೇಣಿಯ ಐಎಎಸ್ ಅಧಿಕಾರಿ ಟಿ.ವಿ. ಸೋಮನಾಥನ್. ಸಂಪುಟದಲ್ಲಿ ತೀರ್ಮಾನವಾದ ಮೇಲೆ ಇಬ್ಬರು ಸಚಿವರೂ ಅದನ್ನು ಲೋಕಸಭೆಯಲ್ಲಿ ಒಂದೇ ದನಿಯಲ್ಲಿ ಸಮರ್ಥಿಸಬೇಕು. ಒಪ್ಪಲಾರದವರು ಖಾತೆ ಬಿಟ್ಟು ಹೊರಬರಬೇಕು.