ಹುಲ್ಲೇ ಬೆಳೆಯದಿದ್ದರೆ ಕೂಲಿ ಯಾಕೆ?

ಪ್ರಶ್ನೆ: ಬರಗಾಲದಲ್ಲಿ ಹೊಸಪೇಟೆ ಹೋಟೆಲುಗಳ ಲಾನ್ ಬೆಳೆಯೋದೇ ಇಲ್ಲ. ಕತ್ತರಿಸುವವರಿಗೆ ತಿಂಗಳ ದುಡ್ಡು ಯಾಕೆ?
– ಓದುಗರೊಬ್ಬರು, ಮೆಟ್ರಿ

ಉತ್ತರ: ಕಟಿಂಗ್ ಲೆಕ್ಕದ ಕರಾರಾದರೆ ಯಂತ್ರ ನಿಂತಾಗ ದುಡ್ಡೂ ನಿಲ್ಲುತ್ತದೆ. ತಿಂಗಳ ಗುತ್ತಿಗೆಯಲ್ಲಿ ಕೆಲಸ ಬದಲಾಗುತ್ತದೆ ಅಷ್ಟೇ: ಕಳೆ ಕೀಳಬೇಕು, ಪೈಪಿನ ಸೋರಿಕೆ ನಿಲ್ಲಿಸಬೇಕು, ನಸುಕಿನಲ್ಲೇ ನೀರು ಬಿಡಬೇಕು. ಬ್ಲೇಡ್ ಎತ್ತರಿಸಿ ತುದಿಯಷ್ಟೇ ಕೊಯ್ದರೆ ನೆಲಕ್ಕೆ ನೆರಳು ಉಳಿಯುತ್ತದೆ. ಬೋಳು ಹೊಡೆದರೆ ಬೇರೂ ಸುಟ್ಟೀತು. ಹೊಲದ ಬದುವಿನ ಗರಿಕೆ ನೋಡಿ. ಬೇಸಿಗೆಯಲ್ಲಿ ಕಂದಿ ಸತ್ತಂತೆ ಬಿದ್ದಿರುತ್ತದೆ, ಒಂದು ಹದಮಳೆಗೆ ಗಿಣ್ಣುಗಿಣ್ಣಲ್ಲೂ ಚಿಗುರುತ್ತದೆ. ಲಾನಿನ ಬರ್ಮುಡಾ ಹುಲ್ಲೂ ಅದೇ ಕುಲದ್ದು. ಬರದಲ್ಲಿ ಹುಲ್ಲಿಗಿಂತ ಕುಡಿಯುವ ನೀರೇ ಮುಖ್ಯ: 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದಿತ್ತು. ಹುಲ್ಲು ಕಂದಿದರೆ ಕಂದಲಿ ಬಿಡಿ. ಕರಾರು ಬರೆಯುವಾಗ ಮಾತ್ರ ಬೇಸಿಗೆಗೆ ಎಷ್ಟು ಕಟಿಂಗ್ ಎಂದು ಮೊದಲೇ ಕೇಳಿಕೊಳ್ಳಿ.